ರೀಡಿನ ಬೆನ್ನ ಮೇಲಿನ ಅಂಕಿ

ಆಲ್ಟೊ ಸ್ಯಾಕ್ಸೊಫೋನಿಗೆ ರೀಡ್ (ಊದಿದಾಗ ಕಂಪಿಸುವ ತೆಳು ಪಟ್ಟಿ) ಬೇಕೆಂದು ಅಂಗಡಿಗೆ ಹೋದರೆ ಮೊದಲು ಎದುರಾಗುವ ಪ್ರಶ್ನೆ, ‘ಎಷ್ಟು ನಂಬರ್?’ ಒಂದೂವರೆಯಿಂದ ಐದರವರೆಗೆ, ಅರ್ಧರ್ಧ ಏರುತ್ತ ಹೋಗುವ ಅಂಕಿಗಳು ರೀಡಿನ ಬೆನ್ನ ಮೇಲೆ ಅಚ್ಚಾಗಿರುತ್ತವೆ. ಚಿಕ್ಕ ಅಂಕಿ ಮೆದು, ದೊಡ್ಡ ಅಂಕಿ ಗಡಸು. ಇಷ್ಟು ಊದುವವರಿಗೆಲ್ಲ ಗೊತ್ತು. ಈ ಗಡಸು ಬಂದದ್ದೆಲ್ಲಿಂದ ಎಂದು ಕೇಳಿ ನೋಡಿ. ವರ್ಷಗಟ್ಟಲೆ ಊದಿದವರಲ್ಲೂ ಅನೇಕರು ‘ದಪ್ಪ ಜಾಸ್ತಿ ಇರುತ್ತದಲ್ಲ’ ಎನ್ನುತ್ತಾರೆ.

ದಪ್ಪ ಜಾಸ್ತಿ ಇರುವುದಿಲ್ಲ. ಒಂದೇ ಕಂಪನಿಯ ಒಂದೇ ಮಾದರಿಯ 2ನೇ ನಂಬರಿನ ರೀಡನ್ನೂ 4ನೇ ನಂಬರಿನ ರೀಡನ್ನೂ ಪಕ್ಕಪಕ್ಕ ಇಟ್ಟು ಅಳೆದರೆ ಎರಡರದ್ದೂ ಒಂದೇ ಆಕಾರ, ಒಂದೇ ದಪ್ಪ. ಕಾರ್ಖಾನೆಯಲ್ಲಿ ಆ ಮಾದರಿಯ ಎಲ್ಲ ರೀಡುಗಳನ್ನೂ ಒಂದೇ ಅಳತೆಗೆ ಕೆತ್ತುತ್ತಾರೆ. ಆಮೇಲೆ ಯಂತ್ರವೊಂದು ಪ್ರತಿ ರೀಡಿನ ತುದಿಯನ್ನೂ ಒತ್ತಿ, ಅದು ಬಾಗುವುದಕ್ಕೆ ಎಷ್ಟು ಬಲ ಬೇಕಾಯಿತು ಎಂದು ಅಳೆಯುತ್ತದೆ. ಸಲೀಸಾಗಿ ಬಾಗಿದ್ದು ಎರಡರ ಡಬ್ಬಿಗೆ, ಹಟ ಹಿಡಿದದ್ದು ನಾಲ್ಕರ ಡಬ್ಬಿಗೆ. ಆ ಹಟವನ್ನು ಕೆತ್ತಿದವರು ಕೊಟ್ಟಿಲ್ಲ. ಅದು ಗಿಡದಲ್ಲೇ ಇತ್ತು.

ಆ ಗಿಡದ ಹೆಸರು ಅರುಂಡೊ ಡೋನಾಕ್ಸ್. ಭತ್ತ, ಕಬ್ಬು, ಬಿದಿರುಗಳ ಕುಟುಂಬಕ್ಕೇ ಸೇರಿದ, ಆಳೆತ್ತರವನ್ನೂ ಮೀರಿ ಬೆಳೆಯುವ ಹುಲ್ಲು. ದಕ್ಷಿಣ ಫ್ರಾನ್ಸಿನ ಮೆಡಿಟರೇನಿಯನ್ ದಂಡೆಯ ವಾರ್ ಪ್ರಾಂತ್ಯದಲ್ಲಿ ಬೆಳೆದದ್ದಕ್ಕೆ ಹಿಂದಿನಿಂದಲೂ ಹೆಸರಿದೆ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ವಾಂಡೊರೆನ್ ಕಂಪನಿಯ ರೀಡುಗಳು ಇವತ್ತಿಗೂ ದಕ್ಷಿಣ ಫ್ರಾನ್ಸಿನ ಜೊಂಡಿನಿಂದ ಬರುತ್ತವೆ. ಎರಡು ವರ್ಷ ಬೆಳೆದ ದಂಟನ್ನು ರಸ ಇಳಿದಿರುವ ಚಳಿಗಾಲದಲ್ಲಿ ಕಡಿದು, ಒಣಗಿಸಿ, ಬಿಸಿಲಿಗೆ ಹೊರಳಿಸಿ ಹೊನ್ನಿನ ಬಣ್ಣಕ್ಕೆ ತಂದು, ತಿಂಗಳುಗಟ್ಟಲೆ ಇಟ್ಟು ಹದ ಮಾಡಿ ಸೀಳುತ್ತಾರೆ. ಬೆಲ್ಜಿಯಂನ ದಿನಾಂ ಊರಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಅಡಾಲ್ಫ್ ಸ್ಯಾಕ್ಸ್ ತನ್ನ ವಾದ್ಯಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ಆಮೇಲೆ ವಾದ್ಯದ ಕೀಲಿಗಳು ಬದಲಾದವು, ಮೌತ್‌ಪೀಸಿನ ಒಳಗಿನ ಆಕಾರ ಬದಲಾಯಿತು. ರೀಡಿಗೆ ಮಾತ್ರ ಹೆಚ್ಚಿನವರು ಇನ್ನೂ ಈ ಹುಲ್ಲನ್ನೇ ನೆಚ್ಚಿಕೊಂಡಿದ್ದಾರೆ. ಮೈಯೆಲ್ಲ ಹಿತ್ತಾಳೆಯಾದರೂ ಸ್ಯಾಕ್ಸೊಫೋನನ್ನು ಕ್ಲಾರಿನೆಟ್, ಓಬೊಗಳ ಸಾಲಿನಲ್ಲಿ ಮರದ ವಾದ್ಯವೆಂದು ಎಣಿಸುವುದು ಅದು ರೀಡಿನಿಂದ ನುಡಿಯುವ ಕಾರಣಕ್ಕೆ.

ಒಂದು ಆಲ್ಟೊ ರೀಡನ್ನು ಕೈಗೆತ್ತಿಕೊಳ್ಳಿ. ಸುಮಾರು 7 ಸೆಂಟಿಮೀಟರ್ ಉದ್ದ, ಒಂದೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು ಅಗಲ. ಹಿಂಭಾಗದಲ್ಲಿ ತೊಗಟೆ ಹಾಗೇ ಇದೆ, ಅಂಕಿ ಇರುವುದು ಅಲ್ಲೇ. ಅಲ್ಲಿಂದ ಮುಂದಕ್ಕೆ ಇಳಿಜಾರಾಗಿ ಕೆತ್ತುತ್ತ ಹೋಗಿ, ತುದಿಗೆ ಬರುವಷ್ಟರಲ್ಲಿ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಉಳಿದಿರುತ್ತದೆ. ಈಗ ಅದನ್ನು ಬೆಳಕಿಗೆ ಹಿಡಿಯಿರಿ. ತುದಿಯ ಅಂಚು ತೆಳ್ಳಗೆ, ಬೆಳಕು ಸೋಸಿ ಬರುವಂತೆ ಕಾಣುತ್ತದೆ. ನಡುವೆ ಕಮಾನಿನಾಕಾರದ ಗಾಢ ನೆರಳಿದೆ. ಅದು ರೀಡಿನ ಹೃದಯಭಾಗ, ಬೆನ್ನೆಲುಬು. ಆ ನೆರಳು ಎಡಕ್ಕೂ ಬಲಕ್ಕೂ ಸಮವಾಗಿ ಇಳಿದಿದೆಯೇ ನೋಡಿ. ಉದ್ದಕ್ಕೂ ಸಣ್ಣ ಗೆರೆಗಳು ಓಡಿರುತ್ತವೆ. ಅವು ಗಿಡ ಬದುಕಿದ್ದಾಗ ನೀರು, ಆಹಾರ ಸಾಗಿಸುತ್ತಿದ್ದ ನಾಳಗಳ ಕಟ್ಟುಗಳು, ಅವುಗಳ ಸುತ್ತ ಬಿಗಿಯಾದ ನಾರಿನ ಕವಚ. ನಡುವಿನ ಜಾಗವನ್ನು ತುಂಬಿರುವುದು ಮೆದುವಾದ ಸ್ಪಂಜಿನಂಥ ಕೋಶಗಳು. ರೀಡಿನ ಗಡಸುತನದ ಹೆಚ್ಚಿನ ಪಾಲು ಆ ನಾರಿನದು. 1998ರಲ್ಲಿ ಆಸ್ಟ್ರೇಲಿಯಾದ ಸಸ್ಯವಿಜ್ಞಾನಿಗಳು ಕ್ಲಾರಿನೆಟ್ ರೀಡುಗಳನ್ನು ವಾದಕರ ತೀರ್ಪಿಗೆ ಒಡ್ಡಿ, ಆಮೇಲೆ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ಚೆನ್ನಾಗಿ ನುಡಿಯುತ್ತವೆ ಎನಿಸಿಕೊಂಡವುಗಳಲ್ಲಿ ನಾಳದ ಸುತ್ತಲಿನ ನಾರಿನ ಉಂಗುರ ತುಂಡಾಗದೆ ಪೂರ್ತಿ ಸುತ್ತಿಕೊಂಡಿರುವುದು ಹೆಚ್ಚಾಗಿ ಕಂಡಿತು. ಒಂದೇ ತೋಟದ ಒಂದೇ ಸಾಲಿನ ದಂಟುಗಳಲ್ಲೂ ಇದು ಏರುಪೇರಾಗುತ್ತದೆ. ಹಾಗಾಗಿ ಒಂದೇ ಡಬ್ಬಿಯ ಹತ್ತು ರೀಡುಗಳು ಹತ್ತು ಬಗೆಯಾಗಿರುವುದು ಕಂಪನಿಯ ಉದಾಸೀನವಲ್ಲ, ಹುಲ್ಲಿನ ಸ್ವಭಾವ.

ದಪ್ಪದಿಂದಲೇ ನಂಬರು ಮಾಡಬಾರದಿತ್ತೇ? ಮಾಡಹೊರಟರೆ ಕೈಗೆ ಸಿಗದಷ್ಟು ನಾಜೂಕಿನ ಕೆಲಸವದು. ಒಂದು ಕಡೆ ಕಚ್ಚಿ ಹಿಡಿದ ಪಟ್ಟಿ ಬಾಗುವ ಬಿಗಿ ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ದಪ್ಪ ನೂರಕ್ಕೆ 10 ಕಡಿಮೆಯಾದರೆ ಬಿಗಿ ನೂರಕ್ಕೆ 27ರಷ್ಟು ಇಳಿಯುತ್ತದೆ. ತುದಿಯಲ್ಲಿ ಆ 10 ಎಂದರೆ ಮಿಲಿಮೀಟರಿನ ನೂರನೇ ಒಂದು ಭಾಗ. ನುಣುಪಾದ ಉಪ್ಪುಕಾಗದದಲ್ಲಿ ಎರಡು ಸಲ ಎಳೆದರೆ ರೀಡ್ ಬೇರೆಯೇ ಆಗಿಬಿಡುವುದು ಇದಕ್ಕೇ.

ಇನ್ನು ಅಸಲು ವಿಷಯಕ್ಕೆ ಬರೋಣ. ದೊಡ್ಡ ನಂಬರಿನ ರೀಡ್ ಊದುವವನು ದೊಡ್ಡ ವಾದಕ ಎಂಬ ನಂಬಿಕೆ ಎಲ್ಲ ದೇಶಗಳಲ್ಲೂ ಇದೆ. ಹೊಸಬರಿಗೆ ಎರಡು, ಒಂದು ವರ್ಷ ಕಳೆದರೆ ಎರಡೂವರೆ, ಆಮೇಲೆ ಮೂರು ಎಂದು ತರಗತಿಯಿಂದ ತರಗತಿಗೆ ಪಾಸಾಗುವ ಹಾಗೆ ಏರಿಸುವ ಪದ್ಧತಿ ಅದಕ್ಕೆ ನೀರೆರೆಯುತ್ತದೆ. ತುಟಿಯ ಸ್ನಾಯು ಬಲಿತ ಹಾಗೆ ಮೊದಲಿನ ಒಂದೆರಡು ಮೆಟ್ಟಿಲು ಏರುವುದು ಸರಿಯೇ. ಅದರಾಚೆ ಆ ಲೆಕ್ಕ ಭೌತಶಾಸ್ತ್ರದ ಎದುರು ನಿಲ್ಲುವುದಿಲ್ಲ.

ತೆಂಗಿನ ಗರಿಯ ಪೀಪಿ ಮಾಡಿದವರಿಗೆ ಇದನ್ನು ವಿವರಿಸುವುದು ಸುಲಭ. ಗರಿಯನ್ನು ಸುರುಳಿ ಸುತ್ತಿ, ಸಣ್ಣ ತುದಿಯನ್ನು ಹಲ್ಲಿನಿಂದ ಚಪ್ಪಟೆ ಮಾಡಿ ಊದಿದರೆ ಸದ್ದು ಹೊರಡುತ್ತದೆ. ಮೆಲ್ಲಗೆ ಊದಿದರೆ ಬರೀ ಗಾಳಿ. ತುಸು ಜೋರಾದರೆ ‘ಪೀ’. ಇನ್ನೂ ಜೋರಾಗಿ ಊದಿದರೆ ಎರಡು ಪದರಗಳು ಅಂಟಿಕೊಂಡು ಪೀಪಿ ಬಾಯಿ ಮುಚ್ಚಿಬಿಡುತ್ತದೆ. ಸ್ಯಾಕ್ಸೊಫೋನಿನಲ್ಲಿ ಒಂದು ಪದರ ರೀಡ್, ಇನ್ನೊಂದು ಮೌತ್‌ಪೀಸಿನ ಗಟ್ಟಿ ಅಂಚು. ನಡುವೆ ಸಣ್ಣ ಸಂದು. ಬಾಯೊಳಗಿನ ಒತ್ತಡ ಏರಿದಾಗ ಆ ಸಂದಿನಲ್ಲಿ ಹರಿಯುವ ಗಾಳಿ ಮೊದಲು ಹೆಚ್ಚುತ್ತದೆ. ಆದರೆ ಅದೇ ಒತ್ತಡ ರೀಡನ್ನು ಒಳಕ್ಕೆ ತಳ್ಳಿ ಸಂದನ್ನು ಕಿರಿದಾಗಿಸುತ್ತಲೂ ಇರುತ್ತದೆ. ರೀಡ್ ಪೂರ್ತಿ ಮುಚ್ಚಿಕೊಳ್ಳಲು ಎಷ್ಟು ಒತ್ತಡ ಬೇಕೋ ಅದರ ಮೂರನೇ ಒಂದು ಭಾಗ ಮುಟ್ಟಿದಾಗ ಹರಿವು ಗರಿಷ್ಠವಾಗುತ್ತದೆ. ಅಲ್ಲಿಂದ ಮುಂದೆ ಜೋರಾಗಿ ಊದಿದಷ್ಟೂ ಹರಿವು ಕಡಿಮೆ!

ನಾದ ಹುಟ್ಟುವುದು ಈ ತಲೆಕೆಳಗಾದ ವಲಯದಲ್ಲಿ. ಕೊಳವೆಯ ಆಚೆ ತುದಿಯಿಂದ ಮರಳಿದ ಒತ್ತಡದ ಅಲೆ ರೀಡನ್ನು ಒಳಗಿನಿಂದ ಹೊರಕ್ಕೆ ನೂಕಿದಾಗ ಸಂದು ತೆರೆದು ಹೆಚ್ಚು ಗಾಳಿ ಒಳಬರುತ್ತದೆ, ಅಲೆಗೆ ಸರಿಯಾದ ಗಳಿಗೆಯಲ್ಲಿ ಬಲ ಸಿಗುತ್ತದೆ. ಆಲ್ಟೊದ ಅತಿ ತಗ್ಗಿನ ಸ್ವರಕ್ಕೆ ಸೆಕೆಂಡಿಗೆ 139 ಸಲ, ಸಾಮಾನ್ಯ ಬೆರಳುಗಾರಿಕೆಯ ಮೇಲಿನ ತುದಿಯಲ್ಲಿ ಸುಮಾರು 830 ಸಲ ಇದು ನಡೆಯುತ್ತದೆ. ಎಷ್ಟು ಸಲ ಎಂದು ಮುಖ್ಯವಾಗಿ ನಿರ್ಧರಿಸುವುದು ರೀಡಲ್ಲ, ಕೊಳವೆಯೊಳಗಿನ ಗಾಳಿಯ ಕಂಬ. ಊದಲು ಎಷ್ಟು ಕಷ್ಟ ಎಂಬುದನ್ನು ಹೇಳುವುದು ರೀಡ್. ಅದೂ ಒಬ್ಬಂಟಿಯಾಗಿ ಅಲ್ಲ. ಮುಚ್ಚಿಕೊಳ್ಳುವ ಒತ್ತಡ ಎಂದರೆ ಎರಡು ಸಂಗತಿಗಳ ಗುಣಲಬ್ಧ: ರೀಡಿನ ಬಿಗಿ ಒಂದು, ಸಂದಿನ ಅಗಲ ಇನ್ನೊಂದು. ರೀಡಿನ ಬೆನ್ನ ಮೇಲಿನ ಅಂಕಿ ಹೇಳುವುದು ಮೊದಲನೆಯದನ್ನಷ್ಟೇ. ಎರಡನೆಯದು ಮೌತ್‌ಪೀಸಿನ ಮೇಲೆ ಬೇರೆಯೇ ಗುರುತಿನಲ್ಲಿ ಇರುತ್ತದೆ.

ಸೆಲ್ಮರ್ ಕಂಪನಿಯ ಎಸ್80 ಮಾದರಿಯ ಸಿ-ಸ್ಟಾರ್ ಮೌತ್‌ಪೀಸ್ ಪಾಶ್ಚಾತ್ಯ ಶಾಸ್ತ್ರೀಯ ವಾದಕರ ಮೆಚ್ಚಿನದು. ಆಲ್ಟೊದಲ್ಲಿ ಅದರ ತುದಿಯ ಸಂದು 1.70 ಮಿಲಿಮೀಟರ್. ಅದಕ್ಕೆ 3 ಅಥವಾ 3½ ಹಾಕುವುದು ವಾಡಿಕೆ. ಜಾಜ್ ವಾದಕರ ಕೈಯಲ್ಲಿ 2 ಮಿಲಿಮೀಟರಿನ ಆಸುಪಾಸಿನ, ಅದಕ್ಕೂ ಹೆಚ್ಚು ತೆರೆದ ಮೌತ್‌ಪೀಸುಗಳು ಸಾಮಾನ್ಯ. 1.70ರಿಂದ 2.04ಕ್ಕೆ ಹೋದರೆ ಸಂದು ನೂರಕ್ಕೆ 20 ಹೆಚ್ಚಿತು; ಅದೇ ರೀಡನ್ನು ಹಾಕಿಕೊಂಡರೆ ಮುಚ್ಚುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ಜೊತೆಗೆ ಸ್ವರ ಹುಟ್ಟಿಸಲು ಬೇಕಾದ ಉಸಿರಿನ ಒತ್ತಡವೂ. ಹಾಗಾಗಿ ತೆರೆದ ಮೌತ್‌ಪೀಸಿಗೆ 2 ಅಥವಾ 2½ ಹಾಕುವ ಜಾಜ್ ವಾದಕ, ಕಿರಿದಾದ ಮೌತ್‌ಪೀಸಿಗೆ 3½ ಹಾಕುವ ಶಾಸ್ತ್ರೀಯ ವಾದಕನಿಗಿಂತ ದುರ್ಬಲನೇನಲ್ಲ. ಇಬ್ಬರ ಗುಣಲಬ್ಧವೂ ಹತ್ತಿರ ಹತ್ತಿರ ಬಂದು ನಿಲ್ಲುತ್ತದೆ. ಮೌತ್‌ಪೀಸ್ ಯಾವುದು ಎಂದು ಕೇಳದೆ ಯಾರಾದರೂ ನಿಮಗೆ ರೀಡಿನ ನಂಬರು ಹೇಳಿದರೆ ಆ ಸಲಹೆ ಅರ್ಧ ಮಾತ್ರ.

ಅಳವು ಮೀರಿದ ಗಡಸು ರೀಡ್ ಕಟ್ಟಿಕೊಂಡವನಿಗೆ ಏನಾಗುತ್ತದೆ? ಬಿಗಿ ಹೆಚ್ಚಾಯಿತು, ಬೇಕಾದ ಒತ್ತಡವೂ ಹೆಚ್ಚಾಯಿತು, ಉಸಿರು ಅಲ್ಲಿಗೆ ಏರುತ್ತಿಲ್ಲ. ಬಿಗಿಯನ್ನು ಅವನು ಬದಲಿಸಲಾರ. ಗುಣಲಬ್ಧದ ಇನ್ನೊಂದು ಅಂಶ ಮಾತ್ರ ಅವನ ಕೈಯಲ್ಲಿದೆ: ಸಂದು. ಗೊತ್ತಿಲ್ಲದೆಯೇ ದವಡೆ ಬಿಗಿದು, ಕೆಳದುಟಿಯಿಂದ ರೀಡನ್ನು ಒತ್ತಿ ಸಂದನ್ನು ಕಿರಿದಾಗಿಸುತ್ತಾನೆ. ಲೆಕ್ಕ ಸರಿಹೋಗುತ್ತದೆ, ಸ್ವರ ಹೊರಡುತ್ತದೆ. ಬೆಲೆ ತೆರುವುದು ಕೆಳದುಟಿ. ಕೆಳಹಲ್ಲಿನ ಗುರುತು ಒಳಚರ್ಮದಲ್ಲಿ ಕೂರುತ್ತದೆ. ನಾದ ಹಿಂಡಿದಂತೆ ಸಣ್ಣಗಾಗಿ, ಶ್ರುತಿ ಮೇಲಕ್ಕೆ ಸರಿಯುತ್ತದೆ. ತಗ್ಗಿನ ಸ್ವರಗಳನ್ನು ಮೆಲ್ಲಗೆ ಹಿಡಿಯಲು ಹೋದರೆ ಗಾಳಿಯ ಹಿಸ್ಸೆಂಬ ಸದ್ದೇ ಮುಂದಾಗುತ್ತದೆ. ಗಡಸು ರೀಡಿನಿಂದ ತುಟಿಗೆ ಬಲ ಬರುತ್ತದೆ ಎಂದು ಹೊಸಬರನ್ನು ಇದಕ್ಕೆ ನೂಕುವುದು ನನಗೆ ಸರಿ ಕಾಣುವುದಿಲ್ಲ. ಆಗ ಕಲಿಯುವುದು ಬಲವನ್ನಲ್ಲ, ಕಚ್ಚುವುದನ್ನು. ಒಮ್ಮೆ ಅಂಟಿದ ಆ ಅಭ್ಯಾಸವನ್ನು ಬಿಡಿಸಲು ಕಲಿತದ್ದಕ್ಕಿಂತ ಹೆಚ್ಚು ಕಾಲ ಬೇಕು.

ತೀರಾ ಮೆದು ರೀಡಿನ ಕಷ್ಟ ಬೇರೆ. ಶುರುವಿನಲ್ಲಿ ಸುಖ, ಮೆಲ್ಲಗೆ ಊದಿದರೂ ನುಡಿಯುತ್ತದೆ. ಜೋರು ಬೇಕೆಂದಾಗ ತೆಂಗಿನ ಪೀಪಿಯ ಗತಿ: ರೀಡ್ ಮುಚ್ಚಿಕೊಳ್ಳುತ್ತದೆ. ನಾದದಲ್ಲಿ ಝೇಂಕಾರದ ಕರಕರ ಹೆಚ್ಚುತ್ತದೆ, ಮೇಲಿನ ಸ್ವರಗಳು ಶ್ರುತಿಗಿಂತ ಇಳಿಯುತ್ತವೆ. ಈ ಇಳಿತದ ಹಿಂದೆ ಚೆಂದದ ಕಾರಣವೊಂದಿದೆ. ಸ್ಯಾಕ್ಸೊಫೋನಿನ ಕೊಳವೆ ಶಂಕುವಿನಾಕಾರದ್ದು, ಆದರೆ ಊದಬೇಕಲ್ಲ, ಶಂಕುವಿನ ಚೂಪು ತುದಿಯನ್ನು ಕತ್ತರಿಸಲೇಬೇಕು. ಕತ್ತರಿಸಿ ಹೋದ ತುದಿಯಲ್ಲಿ ಎಷ್ಟು ಜಾಗವಿತ್ತೋ ಅಷ್ಟನ್ನು ಮೌತ್‌ಪೀಸಿನ ಒಳಗಿನ ಜಾಗ ತುಂಬಿಕೊಟ್ಟರೆ ಸ್ವರಗಳು ಒಂದಕ್ಕೊಂದು ಹೊಂದುತ್ತವೆ. ಇಲ್ಲಿ ಒತ್ತಡಕ್ಕೆ ಬಾಗಿ ಜಾಗ ಬಿಡುವ ರೀಡ್ ಕೂಡ ಲೆಕ್ಕಕ್ಕೆ ಸೇರುತ್ತದೆ. ಮೆದು ರೀಡ್ ಹೆಚ್ಚು ಬಾಗುತ್ತದೆ, ಮೌತ್‌ಪೀಸನ್ನೇ ದೊಡ್ಡದು ಮಾಡಿದಂತಾಗುತ್ತದೆ. ಕೊಳವೆಯ ಬಳಕೆಯ ಉದ್ದ ಚಿಕ್ಕದಾಗಿರುವ ಮೇಲಿನ ಸ್ವರಗಳಿಗೆ ಈ ಹೆಚ್ಚಳ ದೊಡ್ಡ ಪಾಲು, ಹಾಗಾಗಿ ಅವೇ ಹೆಚ್ಚು ಇಳಿಯುತ್ತವೆ.

ಇದನ್ನು ಪರೀಕ್ಷಿಸಲು ವಾದ್ಯವೂ ಬೇಡ. ಆಲ್ಟೊದ ಮೌತ್‌ಪೀಸಿಗೆ ರೀಡ್ ಕಟ್ಟಿ ಅದೊಂದನ್ನೇ ಊದಿ, ಮೊಬೈಲಿನ ಟ್ಯೂನರ್ ನೋಡಿ. 880 ಹರ್ಟ್ಸ್‌ ಸುತ್ತಮುತ್ತ ನಿಲ್ಲಬೇಕೆಂಬುದು ಪಾಶ್ಚಾತ್ಯ ಶಾಸ್ತ್ರೀಯ ಶಿಕ್ಷಕರ ಹಳೆಯ ಅಳತೆ. ಜಾಜ್‌ನವರು ಅದಕ್ಕಿಂತ ಕೆಳಗೇ ಇರುತ್ತಾರೆ. ಸಡಿಲ ದವಡೆಯಲ್ಲಿ ಸ್ವರವೇ ಹುಟ್ಟದೆ, ಬಿಗಿದಾಗ ಮಾತ್ರ 880ನ್ನು ದಾಟಿ ಮೇಲಕ್ಕೆ ಹಾರುತ್ತಿದ್ದರೆ ರೀಡ್ ನಿಮಗೆ ಗಡಸು.

ನಮ್ಮ ಕರಾವಳಿಯಲ್ಲಿ ಈ ಆಯ್ಕೆಗೆ ಇನ್ನೊಂದು ಆಯಾಮ ಸೇರಿಕೊಂಡಿದೆ. ದಕ್ಷಿಣ ಕನ್ನಡದ ದೇವಸ್ಥಾನದ ಉತ್ಸವಕ್ಕೂ ಮದುವೆಯ ಚಪ್ಪರಕ್ಕೂ ನಾಗಸ್ವರದ ಜಾಗದಲ್ಲಿ ಸ್ಯಾಕ್ಸೊಫೋನ್ ಬಂದು ಕೂತು ದಶಕಗಳಾದವು. ಆ ದಾರಿಯನ್ನು ತೆರೆದ ಕದ್ರಿ ಗೋಪಾಲನಾಥರು ಬಂಟ್ವಾಳ ಸೀಮೆಯವರು, ನಾಗಸ್ವರ ವಾದಕರಾದ ತಂದೆ ತನಿಯಪ್ಪನವರಿಂದಲೇ ಮೊದಲ ಪಾಠ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಆಲ್ಟೊ ಹಿಡಿದು, ಅದರಲ್ಲಿ ಕರ್ನಾಟಕ ಸಂಗೀತವನ್ನು ವರ್ಷಗಟ್ಟಲೆ ಸಾಧಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದವರೆಗೂ ಒಯ್ದರು. ಅವರು ಬಂದ ನಾಗಸ್ವರದ ಲೋಕದಲ್ಲಿ ರೀಡಿಗೆ ನಂಬರೇ ಇಲ್ಲ. ಅಲ್ಲಿ ರೀಡ್ ಎಂದರೆ ಸೀವಾಳಿ, ಎರಡು ಪದರದ್ದು. ವಾದ್ಯದ ಪಕ್ಕದಲ್ಲೇ ದಾರಕ್ಕೆ ಕಟ್ಟಿದ ಹಲವು ಸೀವಾಳಿಗಳು, ಬಾಯಿ ಅಗಲಿಸಲು ಒಂದು ಸೂಜಿ ತೂಗುತ್ತಿರುತ್ತವೆ. ಅವತ್ತಿನ ಹವೆ, ಅವತ್ತಿನ ಉಸಿರು ನೋಡಿ ವಾದಕ ಒಂದನ್ನು ಆರಿಸಿ, ತುಟಿಯಲ್ಲಿ ನೆನೆಸಿ, ಬೆರಳಲ್ಲಿ ಒತ್ತಿ ಹದಕ್ಕೆ ತರುತ್ತಾನೆ. ಬಿಗಿ ಮತ್ತು ಸಂದು ಎರಡನ್ನೂ ಒಟ್ಟಿಗೇ ತಿದ್ದುವ ಈ ಪದ್ಧತಿ, ಡಬ್ಬಿಯ ಮೇಲಿನ ಅಂಕಿಯನ್ನು ನಂಬುವುದಕ್ಕಿಂತ ಭೌತಶಾಸ್ತ್ರಕ್ಕೆ ಹತ್ತಿರ.

ಸ್ಯಾಕ್ಸೊಫೋನಿನಲ್ಲಿ ಗಮಕ, ಅಂದರೆ ಸ್ವರವನ್ನು ಅಲುಗಿಸಿ ಜಾರಿಸುವುದು, ಬೆರಳಿನಿಂದಷ್ಟೇ ಆಗುವುದಿಲ್ಲ. ಕೀಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಿಸುತ್ತದೆ. ತೋಡಿ ರಾಗದ ಗಾಂಧಾರಕ್ಕೆ ಬೇಕಾದದ್ದು ಇಳಿಜಾರು. ಆ ಇಳಿಜಾರನ್ನು ಕಟ್ಟುವಲ್ಲಿ ತುಟಿ, ದವಡೆ, ಗಂಟಲು ಸೇರುತ್ತವೆ. ಮೌತ್‌ಪೀಸಿನ ಒಳಜಾಗದ ಅದೇ ಲೆಕ್ಕ ಇಲ್ಲಿ ವಾದಕನ ಪರವಾಗಿ ಕೆಲಸ ಮಾಡುತ್ತದೆ: ತುಟಿ ಸಡಿಲಿಸಿದರೆ ರೀಡ್ ಹೆಚ್ಚು ಬಾಗಿ ಶ್ರುತಿ ಜಾರುತ್ತದೆ, ಬಿಗಿದರೆ ಮರಳಿ ಏರುತ್ತದೆ. ಕೆಳಕ್ಕೆ ಜಾರಿಸುವುದು ಸುಲಭ, ಮೇಲಕ್ಕೆ ಎಳೆಯುವ ಅವಕಾಶ ಕಡಿಮೆ. ತೀರಾ ಗಡಸು ರೀಡ್ ತುಟಿಯ ಮಾತು ಕೇಳದೆ ಗಮಕವನ್ನು ಮೊಟಕು ಮಾಡುತ್ತದೆ. ತೀರಾ ಮೆದುವಾದದ್ದು ಷಡ್ಜ, ಪಂಚಮಗಳಂಥ ಅಲುಗದ ಸ್ವರಗಳಲ್ಲೂ ತೂರಾಡುತ್ತದೆ. ಕರ್ನಾಟಕ ಸಂಗೀತ ಊದುವವರು ಪಾಶ್ಚಾತ್ಯ ಪಟ್ಟಿ ಹೇಳುವ ನಂಬರಿಗಿಂತ ಅರ್ಧ ಮೆದುವಾದದ್ದರಿಂದ ಆರಂಭಿಸಿ, ಷಡ್ಜ ನಿಲ್ಲುವವರೆಗೆ ಮೇಲೇರುವುದು ಒಳ್ಳೆಯದು ಎಂಬುದು ನನ್ನ ಅನಿಸಿಕೆ.

ಮೇಲಿನ ಸ್ಥಾಯಿಗೆ ಗಡಸು ರೀಡ್ ಬೇಕೇ ಬೇಕು ಎನ್ನುವವರಿಗೆ 2008ರಲ್ಲಿ ಉತ್ತರ ಸಿಕ್ಕಿತು. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜೆರ್-ಮಿಂಗ್ ಚೆನ್, ಜಾನ್ ಸ್ಮಿತ್, ಜೋ ವುಲ್ಫ್ ಅವರು ಟೆನರ್ ಸ್ಯಾಕ್ಸೊಫೋನ್ ಊದುತ್ತಿರುವವರ ಬಾಯೊಳಗಿನ ಅನುರಣನವನ್ನು ಅಳೆದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಾಮಾನ್ಯ ವ್ಯಾಪ್ತಿಯನ್ನು ಮೀರಿದ ಅತಿ ಎತ್ತರದ ಸ್ವರಗಳಲ್ಲಿ ನುರಿತ ವಾದಕರು ನಾಲಿಗೆ, ಗಂಟಲುಗಳ ಆಕಾರ ಬದಲಿಸಿ ಬಾಯಿಯ ಅನುರಣನವನ್ನು ಆ ಸ್ವರದ ಹತ್ತಿರಕ್ಕೆ ತಂದುಕೊಳ್ಳುತ್ತಿದ್ದರು. ಹೊಸಬರಿಗೆ ಅದು ಬರುತ್ತಿರಲಿಲ್ಲ, ಆ ಸ್ವರಗಳೂ ಬರುತ್ತಿರಲಿಲ್ಲ.

ಅಂಕಿಯನ್ನು ನೆಚ್ಚಿಕೊಳ್ಳಲಾಗದ ಕಾರಣಗಳು ಇನ್ನೂ ಇವೆ. ಕಂಪನಿಯಿಂದ ಕಂಪನಿಗೆ ಅಳತೆ ಬೇರೆ. ವಾಂಡೊರೆನ್ ನೀಲಿ ಡಬ್ಬಿಯ 2½, ರಿಕೊ ಕಿತ್ತಳೆ ಡಬ್ಬಿಯ 3ಕ್ಕೆ ಹೆಚ್ಚುಕಡಿಮೆ ಸಮ. ಕೆಲವು ಮಾದರಿಗಳಲ್ಲಿ ಒಂದೇ ನಂಬರನ್ನು ಮೆದು, ಮಧ್ಯಮ, ಗಡಸು ಎಂದು ಮತ್ತೆ ಮೂರು ಮಾಡಿರುತ್ತಾರೆ. ಅರ್ಧ ನಂಬರಿನ ಪಟ್ಟಿಯೊಳಗೆ ಬಂದ ಬಿಗಿಗಳೆಲ್ಲ ಒಂದೇ ಡಬ್ಬಿಗೆ ಬೀಳುವುದರಿಂದ ಡಬ್ಬಿಯ ಅತಿ ಗಡಸು 2½ಕ್ಕೂ ಪಕ್ಕದ ಡಬ್ಬಿಯ ಅತಿ ಮೆದು 3ಕ್ಕೂ ಅಂತರ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲದೆ ಯಂತ್ರ ತುದಿಯ ಒಟ್ಟು ಬಿಗಿಯನ್ನು ನೋಡುತ್ತದೆ, ಎಡ ಬಲಗಳನ್ನು ಬೇರೆ ಬೇರೆ ನೋಡುವುದಿಲ್ಲ. ಅದನ್ನು ನಾವೇ ನೋಡಬೇಕು: ಯಾವ ಕೀಲಿಯನ್ನೂ ಒತ್ತದೆ ಹೊರಡುವ ಸ್ವರವನ್ನು ಊದುತ್ತ ಮೌತ್‌ಪೀಸನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತುಸು ಹೊರಳಿಸಿ, ತುಟಿಯ ಒತ್ತಡ ಒಂದೊಂದು ಅಂಚಿನ ಮೇಲೆ ಬೀಳುವಂತೆ. ಒಂದು ಬದಿ ಸರಾಗ, ಇನ್ನೊಂದು ಬದಿ ಬಿಗಿ ಎನಿಸಿದರೆ ಬಿಗಿಯಾದ ಬದಿಯ ಅಂಚನ್ನು ಉಪ್ಪುಕಾಗದದಲ್ಲಿ ಹಗುರವಾಗಿ ಸವರಿ. ಗಡಸೆಂದು ಎತ್ತಿಟ್ಟ ಎಷ್ಟೋ ರೀಡುಗಳು ನಿಜವಾಗಿ ಓರೆಯಾದವು.

ಕೊನೆಯದಾಗಿ ನೀರು. ಒಣ ರೀಡನ್ನು ನೆನೆಸಿದರೆ ಮೆದುವಾಗುತ್ತದೆ. ತೆಳ್ಳನೆಯ ತುದಿ ಮೊದಲು ಹೀರಿ ಉಬ್ಬಿ, ಕೆಲವೊಮ್ಮೆ ಅಲೆಯಲೆಯಾಗಿ ಸುಕ್ಕುಗಟ್ಟುತ್ತದೆ. ಎಂಜಲು ದಿನದಿನಕ್ಕೂ ಹುಲ್ಲನ್ನು ಸಡಿಲಿಸುತ್ತದೆ, ಹಾಗಾಗಿ 3 ಎಂದು ತಂದ ರೀಡ್ ಕೆಲವು ವಾರಗಳಲ್ಲಿ 2½ರಂತೆ ನುಡಿಯತೊಡಗುತ್ತದೆ. ಹೊಸತನ್ನು ಮೊದಲ ದಿನಗಳಲ್ಲಿ ಕೆಲವೇ ನಿಮಿಷ ಊದಿ, ನಾಲ್ಕಾರು ರೀಡುಗಳನ್ನು ಸರದಿಯಲ್ಲಿ ಬಳಸಿ, ಸಮತಟ್ಟಾದ ಗಾಜಿನ ಮೇಲೆ ಒಣಗಿಸುವುದು ಇದಕ್ಕೆ. ಕೆನಡಾದ ಲೆಜೆರ್ ಕಂಪನಿ ಪ್ಲಾಸ್ಟಿಕ್ಕಿನಿಂದ ಮಾಡುವ ರೀಡುಗಳಿಗೆ ಈ ಹಂಗಿಲ್ಲ. ಅವನ್ನು ಕಾಲು ಕಾಲು ನಂಬರಿನ ಅಂತರದಲ್ಲಿ ಆರಿಸಿಕೊಳ್ಳಬಹುದು. ಹುಲ್ಲಿನ ನಾದವನ್ನು ಬಿಡಲಾರದವರು ಹವೆಯ ಜೊತೆ ಏಗಲೇಬೇಕು. ಮಂಗಳೂರಿನ ಜುಲೈನಲ್ಲಿ ರೀಡ್ ಪೆಟ್ಟಿಗೆಯೊಳಗೂ ಒಣಗದೆ ಬೂಸ್ಟು ಹಿಡಿಯುತ್ತದೆ, ತೇವ ಉಂಡು ಮೆತ್ತಗಾಗಿರುತ್ತದೆ. ಅದೇ ರೀಡ್ ಬೇಸಿಗೆಯ ಏಸಿ ಸಭಾಂಗಣದಲ್ಲಿ ಕೃತಿಯ ನಡುವೆ ತಾಳವಾದ್ಯಗಳ ತನಿ ಆವರ್ತನ ನಡೆಯುವಷ್ಟರಲ್ಲಿ ತುದಿ ಒಣಗಿ ಅರ್ಧ ನಂಬರು ಗಡಸಾದಂತೆ ವರ್ತಿಸುತ್ತದೆ. ಅಂಥ ಕಚೇರಿಗೆ ಹೊರಡುವಾಗ ಪೆಟ್ಟಿಗೆಯಲ್ಲಿ ಎರಡು ನಂಬರಿನ ರೀಡುಗಳಿರಲಿ. ತನಿ ನಡೆಯುವಾಗ ಮೌತ್‌ಪೀಸಿಗೆ ಮುಚ್ಚಳ ಹಾಕಿಡಿ. ಪಲ್ಲವಿಗೆ ಮರಳುವ ಮುನ್ನ ತುದಿಯನ್ನು ಒಮ್ಮೆ ನಾಲಿಗೆಯಲ್ಲಿ ನೆನೆಸಿಕೊಳ್ಳಿ.